ಯಾರ ಬೋಲ್ಟು, ಯಾರ ನಟ್ಟು?

ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ಹತ್ತಿರ ಒಂದು ತೆಂಗಿನ ತೋಟದಲ್ಲಿ ಚಿತ್ರೀಕರಣಕ್ಕೆ ಹೋಗಿದ್ದೆವು. ಕ್ಯಾಮೆರಾ ಬಂದಿತ್ತು, ಮೈಕು ಬಂದಿತ್ತು, ಮಾತನಾಡಬೇಕಾದ ರೈತರೂ ಬಂದು ಕುಳಿತಿದ್ದರು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿಯುವ ಸ್ಕ್ರೂ ಮಾತ್ರ ಬಂದಿರಲಿಲ್ಲ. ಹಿಂದಿನ ದಿನ ಸ್ಟ್ಯಾಂಡು ಬಿಚ್ಚಿದವನು ನಾನೇ. ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ.

ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಪಂಪ್‌ಸೆಟ್ಟು, ಆಯಿಲ್ ಎಂಜಿನ್ನು ರಿಪೇರಿ ಮಾಡುವ ಒಂದು ಅಂಗಡಿ ಇತ್ತು. ಅಲ್ಲಿಯ ಮೆಕ್ಯಾನಿಕ್ ವಯಸ್ಸಾದವರು. ಕ್ಯಾಮೆರಾದ ತಳದ ಫಲಕವನ್ನು ಅವರ ಕೈಗೆ ಕೊಟ್ಟೆ. 8 ಮಿ.ಮೀ. ಬೋಲ್ಟನ್ನು ನಾನೇ ಹಾಕಿ ನೋಡಿದೆ. ಅದು ಹಿಡಿತವಿಲ್ಲದೆ ಒಳಗೆ ಜಾರಿತು. 10 ಮಿ.ಮೀ. ಬೋಲ್ಟು ತೂತಿನ ಬಾಯಲ್ಲೇ ನಿಂತಿತು. ಸ್ಪ್ಯಾನರಿಗೆ ಕೈ ಹಾಕಿದೆ ನೋಡಿ, ಅವರು ತಡೆದರು.

"ಬಲ ಹಾಕ್ಬೇಡಿ ಸಾರ್, ತೂತು ಹಾಳಾಗುತ್ತೆ. ಇದು ಮಿಲ್ಲಿಮೀಟರಿಂದಲ್ಲ, ಇಂಚಿಂದು."

ಹಳೆಯ ಆಯಿಲ್ ಎಂಜಿನ್ನಿನಿಂದ ಬಿಚ್ಚಿಟ್ಟ ಬೋಲ್ಟುಗಳ ಡಬ್ಬಿಯೊಂದನ್ನು ಕೆದಕಿ, ಮೂರು ನೂಲಿನದೊಂದನ್ನು ತೆಗೆದರು. (ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಕಡೆಯ ಕೆಲಸಗಾರರು ನೂಲು ಎನ್ನುತ್ತಾರೆ. ಮೂರು ನೂಲು ಎಂದರೆ 3/8 ಇಂಚು.) ಅದು ಬೆರಳಿನಿಂದ ತಿರುಗಿಸಿದರೇ ಸಲೀಸಾಗಿ ಒಳಗೆ ಹೋಯಿತು. ಹೆಚ್ಚಿದ್ದ ಉದ್ದವನ್ನು ಹ್ಯಾಕ್ಸಾದಿಂದ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ಕೊಟ್ಟರು. ಚಿತ್ರೀಕರಣ ನಡೆಯಿತು.

ದಾರಿಯುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಇದು. ಕ್ಯಾಮೆರಾ ಜಪಾನಿನದು. ಬೋಲ್ಟು ನಮ್ಮ ದೇಶದ ಯಾವುದೋ ಕಾರ್ಖಾನೆಯ ನೀರೆತ್ತುವ ಎಂಜಿನ್ನಿನದು. ಆ ತೂತು ಮಾಡಿದವರು, ಈ ಬೋಲ್ಟು ಮಾಡಿದವರು ಪರಸ್ಪರ ಮುಖ ನೋಡಿದವರಲ್ಲ. ಹಾಗಿದ್ದರೂ ಒಂದರೊಳಗೆ ಇನ್ನೊಂದು ಕುಳಿತದ್ದು ಹೇಗೆ? ಇನ್ನೂರೈವತ್ತು ವರ್ಷಗಳ ಹಿಂದಾಗಿದ್ದರೆ ಇದು ಆಗುತ್ತಿರಲಿಲ್ಲ. ಒಂದೇ ಕಾರ್ಖಾನೆಯ ಎರಡು ಬೋಲ್ಟುಗಳನ್ನು ಅದಲುಬದಲು ಮಾಡುವುದೂ ಆಗ ಸಾಧ್ಯವಿರಲಿಲ್ಲ.

ಬೋಲ್ಟು ಸುಲಭ, ತೂತು ಕಷ್ಟ

ಮೊದಲು ಥ್ರೆಡ್ ಎಂದರೇನು ಎಂಬುದನ್ನು ಕೈಯಿಂದ ಮಾಡಿಯೇ ನೋಡೋಣ. ಒಂದು ಕಾಗದವನ್ನು ಲಂಬಕೋನ ತ್ರಿಭುಜವಾಗಿ ಕತ್ತರಿಸಿ. ಅದರ ನೆಟ್ಟಗಿನ ಬದಿಯನ್ನು ಪೆನ್ಸಿಲಿನ ಉದ್ದಕ್ಕೆ ಹಿಡಿದು ಕಾಗದವನ್ನು ಸುತ್ತುತ್ತ ಹೋಗಿ. ಓರೆಯಾದ ಬದಿ, ಅಂದರೆ ವಿಕರ್ಣ, ಪೆನ್ಸಿಲಿನ ಮೈಮೇಲೆ ಸುರುಳಿಯಾಗಿ ಏರುತ್ತದೆ. ಈ ಗೆರೆಯೇ ಥ್ರೆಡ್. ಕಂಬಕ್ಕೆ ಸುತ್ತಿದ ಇಳಿಜಾರು ಅದು. ಒಂದು ಸುತ್ತಿಗೆ ಗೆರೆ ಎಷ್ಟು ಮೇಲೇರುತ್ತದೋ ಅದಕ್ಕೆ ಪಿಚ್ ಎಂದು ಹೆಸರು. ಲಾರಿಗೆ ಪೀಪಾಯಿ ಏರಿಸಲು ಹಲಗೆ ಇಡುವುದೂ ಬೋಲ್ಟು ಬಿಗಿಯುವುದೂ ಭೌತಶಾಸ್ತ್ರದ ಮಟ್ಟಿಗೆ ಒಂದೇ ಕೆಲಸ.

ಕಂಬಿಯ ಮೇಲೆ ಈ ಗೆರೆಯನ್ನು ಗುರುತು ಹಾಕಿಕೊಂಡು, ಮೂರು ಮೂಲೆಯ ಅರದಿಂದ ಉಜ್ಜುತ್ತ ಹೋದರೆ, ತಾಳ್ಮೆಯಿದ್ದವರು ಸಂಜೆಯೊಳಗೆ ಒಂದು ಬೋಲ್ಟು ಮಾಡಿಯಾರು. ಪುರಾತನ ಕಾಲದಲ್ಲಿ ಮಾಡಿದ್ದು ಹೀಗೆಯೇ. ಆದರೆ ಬೋಲ್ಟೊಂದೇ ಇದ್ದರೆ ಏನು ಪ್ರಯೋಜನ? ಅದು ಹಿಡಿದುಕೊಳ್ಳಲು ಥ್ರೆಡ್ ಇರುವ ತೂತು ಬೇಕು. ಪೆನ್ಸಿಲಿನಷ್ಟು ದಪ್ಪದ ತೂತಿನೊಳಗೆ ಗುರುತು ಹಾಕುವುದು ಹೇಗೆ? ಅರವನ್ನು ತೂರಿಸುವುದು ಹೇಗೆ? ತೂತು ದೊಡ್ಡದಾಗಿದ್ದರೆ ಲೇತಿನಲ್ಲಿ ಹಿಡಿದು ಒಳಗಿನಿಂದ ಉಳಿ ಹಾಯಿಸಬಹುದು. ಸಣ್ಣ ತೂತಿಗೆ ಒಂದೇ ದಾರಿ: ಥ್ರೆಡ್ಡಿನ ಆಕಾರವನ್ನೇ ಮೈಮೇಲೆ ಹೊತ್ತ ಒಂದು ಹತಾರವನ್ನು ತಿರುಗಿಸುತ್ತ ಒಳಗೆ ಇಳಿಸಬೇಕು. ಅದರ ಹೆಸರು ಟ್ಯಾಪ್. ಮನೆಯ ನಲ್ಲಿಗೂ ನಾವು ಟ್ಯಾಪ್ ಎನ್ನುತ್ತೇವೆ. ಇದು ಬೇರೆ.

ಟ್ಯಾಪ್ ಎಂದರೆ ಗಟ್ಟಿ ಉಕ್ಕಿನ ಬೋಲ್ಟು ಎಂದುಕೊಳ್ಳಿ. ಅದರ ಮೈಯಲ್ಲಿ ಉದ್ದಕ್ಕೆ ಮೂರೋ ನಾಲ್ಕೋ ತೋಡುಗಳಿರುತ್ತವೆ. ತೋಡು ಕೊರೆದ ಕಡೆ ಥ್ರೆಡ್ಡಿನ ಅಂಚು ಹರಿತವಾದ ಹಲ್ಲಾಗುತ್ತದೆ. ಕತ್ತರಿಸಿ ಬಂದ ಲೋಹದ ಚೂರು ಆ ತೋಡಿನಲ್ಲಿ ಸೇರುತ್ತದೆ. ಕೈಯಿಂದ ಹಾಕುವ ಟ್ಯಾಪುಗಳು ಸಾಮಾನ್ಯವಾಗಿ ಮೂರರ ಜೊತೆಯಾಗಿ ಬರುತ್ತವೆ. ಮೊದಲನೆಯದರ ಮೂತಿ ಚೂಪು, ಎರಡನೆಯದರದ್ದು ಕಡಿಮೆ ಚೂಪು. ತಳ ಮುಚ್ಚಿದ ತೂತಿನಲ್ಲಿ ಕೊನೆಯವರೆಗೆ ಥ್ರೆಡ್ ಹಾಕಲು ಮೂರನೆಯದು ಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವುದು ಏಕೆಂದರೆ, ಉದ್ದವಾಗಿ ಬರುವ ಚೂರು ಮುರಿದು ಬೀಳಬೇಕು. ಇಲ್ಲವಾದರೆ ಅದು ಒಳಗೇ ಸಿಕ್ಕಿ ಟ್ಯಾಪನ್ನು ಕಚ್ಚಿಬಿಡುತ್ತದೆ.

ಕಚ್ಚಿದರೆ ಏನಾಗುತ್ತದೆ ಎಂಬುದನ್ನು ನಾನು ಬಿ.ಎಸ್ಸಿ. ಓದುವಾಗಲೇ ಕಲಿತೆ. ಭೌತಶಾಸ್ತ್ರ ಪ್ರಯೋಗಾಲಯದ ಪಕ್ಕದಲ್ಲಿ ಒಂದು ಪುಟ್ಟ ವರ್ಕ್‌ಶಾಪು. ಅಲ್ಯೂಮಿನಿಯಂ ಫಲಕವೊಂದಕ್ಕೆ 5 ಮಿ.ಮೀ. ಥ್ರೆಡ್ ಹಾಕಬೇಕಿತ್ತು. ಅದರ ಪಿಚ್ 0.8 ಮಿ.ಮೀ. ವ್ಯಾಸದಿಂದ ಪಿಚ್ ಕಳೆದರೆ ಮೊದಲು ಕೊರೆಯಬೇಕಾದ ತೂತಿನ ಅಳತೆ ಸಿಗುತ್ತದೆ: 4.2 ಮಿ.ಮೀ. ಆ ಅಳತೆಯ ಡ್ರಿಲ್ ಬಿಟ್ಟು ಪೆಟ್ಟಿಗೆಯಲ್ಲಿ ಇರಲಿಲ್ಲ. ನಾನು 4 ಮಿ.ಮೀ. ಬಿಟ್ಟಿನಲ್ಲಿ ಕೊರೆದೆ. ನಾಲ್ಕು ಸುತ್ತು ಇಳಿದ ಮೇಲೆ ಟ್ಯಾಪು 'ಟಿಕ್' ಎಂದಿತು. ಅರ್ಧ ನನ್ನ ಕೈಯಲ್ಲಿ, ಅರ್ಧ ಫಲಕದೊಳಗೆ.

"ಏನಪ್ಪಾ, ಎಷ್ಟರ ಬಿಟ್ ಹಾಕಿದ್ದೆ?" ಎಂದು ಮೆಕ್ಯಾನಿಕ್ ಕೇಳಿದರು.

"ನಾಲ್ಕು ಸಾರ್. ಪಾಯಿಂಟ್ ಎರಡು ತಾನೇ ಅಂತ..."

ಅವರು ಬೈಯಲಿಲ್ಲ. ಮುರಿದ ಟ್ಯಾಪನ್ನು ಡ್ರಿಲ್ಲಿನಿಂದ ಕೊರೆದು ತೆಗೆ ನೋಡೋಣ ಎಂದರು. ಪ್ರಯತ್ನಿಸಿದೆ. ಡ್ರಿಲ್ಲಿನ ಮೂತಿ ಹೋಯಿತೇ ಹೊರತು ಟ್ಯಾಪಿಗೆ ಗೀರೂ ಬೀಳಲಿಲ್ಲ. ಒಳಗೆ ಸಿಕ್ಕಿದ ಉಕ್ಕು ಡ್ರಿಲ್ಲಿನಷ್ಟೇ ಗಟ್ಟಿ. ಎರಡು ದಿನದ ಕೆಲಸದ ಫಲಕ ಗುಜರಿಗೆ ಹೋಯಿತು.

ತೂತು ಚಿಕ್ಕದಾದರೆ ಥ್ರೆಡ್ ಆಳವಾಗುತ್ತದೆ, ಹಿಡಿತವೂ ಹೆಚ್ಚುತ್ತದೆ ಎಂದು ನಿಮಗೂ ಅನ್ನಿಸಬಹುದು. ಲೆಕ್ಕ ಬೇರೆಯೇ ಇದೆ. ಪೂರ್ತಿ ಆಳದ ಥ್ರೆಡ್, ಮುಕ್ಕಾಲು ಆಳದ ಥ್ರೆಡ್ಡಿಗಿಂತ ಸುಮಾರು 5 ಪ್ರತಿಶತದಷ್ಟು ಮಾತ್ರ ಗಟ್ಟಿ. ಆದರೆ ಅದನ್ನು ಹಾಕಲು ಸುಮಾರು ಮೂರು ಪಟ್ಟು ಬಲ ಬೇಕು. ಆ ಬಲವನ್ನು ತಡೆಯಬೇಕಾದದ್ದು ಪೆನ್ಸಿಲಿಗಿಂತ ತೆಳುವಾದ ಗಡಸು ಉಕ್ಕಿನ ಕಡ್ಡಿ. ಗಡಸಾದಷ್ಟೂ ಅದು ಬಾಗುವುದಿಲ್ಲ, ನೇರವಾಗಿ ಮುರಿಯುತ್ತದೆ.

ಹಳೆಯ ಉಪಾಯಗಳು

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೀರೋ ಎಂಬ ಯಂತ್ರಜ್ಞ (ಸಿನಿಮಾದ ಹೀರೋ ಅಲ್ಲ) ಮರದ ತೂತಿನೊಳಗೆ ಥ್ರೆಡ್ ಕೊರೆಯುವ ಹತಾರವನ್ನು ವರ್ಣಿಸಿದ್ದಾನೆ. ಅವನ ಗ್ರಂಥ ಅರಬ್ಬಿ ಅನುವಾದದ ಮೂಲಕ ನಮಗೆ ದಕ್ಕಿದೆ. ಆಲಿವ್ ಎಣ್ಣೆ, ದ್ರಾಕ್ಷಾರಸ ಹಿಂಡುವ ಒತ್ತುಯಂತ್ರಗಳಿಗೆ ದಪ್ಪ ಮರದ ತಿರುಪುಗಳು ಬೇಕಾಗಿದ್ದವು. ಅವುಗಳ ನಟ್ಟಿಗಾಗಿ ಈ ಹತಾರ. ಮರವೇನೋ ಉಳಿಗೆ ಬಗ್ಗುತ್ತದೆ. ಕಬ್ಬಿಣ ಬಗ್ಗಬೇಕಲ್ಲ?

ಕಬ್ಬಿಣಕ್ಕೆ ಕಮ್ಮಾರರು ಕಂಡುಕೊಂಡ ಒಂದು ಉಪಾಯ ನನಗೆ ತುಂಬ ಇಷ್ಟ. ಕುಲುಮೆಯ ಪಕ್ಕ ನೆಲಕ್ಕೆ ಊರಿ ನಿಲ್ಲಿಸುವ ಉದ್ದ ಕಾಲಿನ ವೈಸನ್ನು ನೀವು ನೋಡಿರಬಹುದು. ಹಳೆಯ ಕಾಲದ ಅಂಥ ಇಂಗ್ಲಿಷ್ ವೈಸ್‌ಗಳ ನಟ್ಟಿನಲ್ಲಿ ಥ್ರೆಡ್ ಕತ್ತರಿಸಿದ್ದೇ ಅಲ್ಲ. ತಿರುಪಿನ ತೋಡಿನಲ್ಲಿ ಕೂರುವಂತೆ ಕಬ್ಬಿಣದ ಪಟ್ಟಿಯೊಂದನ್ನು ಸುರುಳಿ ಸುತ್ತಿ, ಆ ಸುರುಳಿಯನ್ನು ಕೊಳವೆಯೊಳಗೆ ಇಟ್ಟು ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ತೂತಿನಿಂದ ಲೋಹ ಕಳೆಯುವ ಬದಲು ತೂತಿಗೆ ಲೋಹ ಕೂಡಿಸುವ ದಾರಿ ಇದು.

ಯೂರೋಪಿನಲ್ಲಿ ಹದಿನೈದು, ಹದಿನಾರನೆಯ ಶತಮಾನದ ಹೊತ್ತಿಗೆ ಗಡಿಯಾರ, ಕವಚ, ಬಂದೂಕುಗಳಲ್ಲಿ ಲೋಹದ ಸಣ್ಣ ಸ್ಕ್ರೂಗಳು ಕಾಣಿಸಿಕೊಂಡವು. ಅವುಗಳ ತೂತಿಗೆ ಟ್ಯಾಪುಗಳೂ ಬಂದವು. ಆದರೆ ಎಂಥ ಟ್ಯಾಪು? ಕೈಯಲ್ಲಿ ಉಜ್ಜಿ ಮಾಡಿದ ತಿರುಪೊಂದರ ಮೈಯನ್ನು ಮೂರು ನಾಲ್ಕು ಕಡೆ ಚಪ್ಪಟೆ ಮಾಡಿ, ಕಾಯಿಸಿ, ನೀರಿನಲ್ಲಿ ಅದ್ದಿ ಗಡಸು ಮಾಡಿದ್ದು. ಅದರ ಅಂಚು ಕತ್ತರಿಸುವುದಕ್ಕಿಂತ ಕೆರೆಯುವುದು, ಹಿಸುಕುವುದೇ ಹೆಚ್ಚು. ಬಲವಂತವಾಗಿ ತಿರುಗಿಸಿದಾಗ ಲೋಹ ಪಕ್ಕಕ್ಕೆ ಸರಿದು ಹೇಗೋ ಥ್ರೆಡ್ಡಿನ ಆಕಾರಕ್ಕೆ ಬರುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ತೂತಿನ ಥ್ರೆಡ್ ಟ್ಯಾಪಿನ ಪಡಿಯಚ್ಚು. ಟ್ಯಾಪಿನ ಪಿಚ್ ತಪ್ಪಾಗಿದ್ದರೆ ತೂತಿನದೂ ತಪ್ಪು. ಆ ತೂತಿಗೆ ಹೊಂದುವ ಬೋಲ್ಟು ಬೇಕಾದರೆ ಆ ಟ್ಯಾಪು ಯಾರ ಪೆಟ್ಟಿಗೆಯಲ್ಲಿದೆಯೋ ಅವರ ಬಳಿಗೇ ಹೋಗಬೇಕು. ಟ್ಯಾಪು ಕಳೆದುಹೋದರೆ, ಅದನ್ನು ಮಾಡಿದ ಕೈ ಸತ್ತುಹೋದರೆ, ಯಂತ್ರವೂ ಅನಾಥ.

ಗುರುತು ಹಾಕಿದ ನಟ್ಟುಗಳು

ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬಾತನ ಪ್ರಸಿದ್ಧ ಬೀಗದ ಕಾರ್ಖಾನೆ ಇತ್ತು. ಅಲ್ಲಿ ಹೆನ್ರಿ ಮಾಡ್ಸ್‌ಲೆ ಎಂಬ ತರುಣ ಕೆಲಸಗಾರನಾಗಿದ್ದ. ಹುಟ್ಟಿದ್ದು 1771ರಲ್ಲಿ, ವುಲಿಚ್‌ನಲ್ಲಿ. ವಾರಕ್ಕೆ 30 ಷಿಲಿಂಗ್ ಸಂಬಳ. ಹೆಂಡತಿ ಮಕ್ಕಳಿದ್ದಾರೆ, ಸ್ವಲ್ಪ ಹೆಚ್ಚಿಸಿ ಎಂದು ಕೇಳಿದ. ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಮಾಡ್ಸ್‌ಲೆ ಹೊರಬಂದು ತನ್ನದೇ ವರ್ಕ್‌ಶಾಪು ತೆರೆದ. ಆ ಕೆಲವು ಷಿಲಿಂಗ್ ಉಳಿಸಲು ಹೋಗಿ ಬ್ರಾಮಾ ಕಳೆದುಕೊಂಡದ್ದೆಷ್ಟು ಎಂಬುದನ್ನು ಮುಂದೆ ನೋಡಿ.

ಮಾಡ್ಸ್‌ಲೆ ಮಾಡಿದ್ದು ಥ್ರೆಡ್ ಕೊರೆಯುವ ಲೇತು. ಉಳಿಯನ್ನು ಕೈಯಲ್ಲಿ ಹಿಡಿಯುವ ಬದಲು ಗಾಡಿಯೊಂದರ ಮೇಲೆ ಬಿಗಿದು, ಆ ಗಾಡಿಯನ್ನು ಒಂದು ಉದ್ದ ತಿರುಪಿನಿಂದ ಸರಿಸುವುದು. ಕಂಬಿ ಒಂದು ಸುತ್ತು ತಿರುಗಿದಾಗ ಉಳಿ ಇಂತಿಷ್ಟೇ ಮುಂದೆ ಹೋಗಬೇಕೆಂದು ಹಲ್ಲುಗಾಲಿಗಳಿಂದ ನಿಗದಿ ಮಾಡಬಹುದು. ಇಂಥ ಯೋಚನೆ ಅವನಿಗಿಂತ ಹಿಂದೆ ಇರಲಿಲ್ಲವೆಂದಲ್ಲ. ಲಿಯೊನಾರ್ಡೊ ಡ ವಿಂಚಿಯ ರೇಖಾಚಿತ್ರಗಳಲ್ಲಿ ಅದು ಇದೆ. ಜೆಸ್ಸಿ ರಾಮ್ಸ್‌ಡನ್ 1770ರ ದಶಕದಲ್ಲಿ ವೈಜ್ಞಾನಿಕ ಉಪಕರಣಗಳಿಗಾಗಿ ನಿಖರವಾದ ತಿರುಪುಗಳನ್ನು ಮಾಡಿದ್ದ. ಕಬ್ಬಿಣದ ದೊಡ್ಡ ಯಂತ್ರಗಳ ಲೋಕಕ್ಕೆ ಅದನ್ನು ತಂದವನು ಮಾಡ್ಸ್‌ಲೆ.

ಒಂದು ಸಂದೇಹ ಬಂದೀತು. ಸರಿಯಾದ ತಿರುಪು ಕೊರೆಯಲು ಲೇತಿನಲ್ಲಿ ಸರಿಯಾದ ತಿರುಪು ಬೇಕು. ಹಾಗಾದರೆ ಮೊಟ್ಟಮೊದಲ ತಿರುಪು ಎಲ್ಲಿಂದ ಬಂತು? ಮರ, ತವರದಂಥ ಮೆತ್ತನೆಯ ದಂಡವನ್ನು ತಿರುಗಿಸುತ್ತ, ಲೆಕ್ಕ ಹಾಕಿದ ಓರೆಯಲ್ಲಿ ಒಂದು ಗಡಸು ಕತ್ತಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದ. ಕತ್ತಿ ತನ್ನ ಓರೆಯ ದಾರಿಯಲ್ಲೇ ಸಾಗಿ ಸುರುಳಿಯನ್ನು ಕೊರೆಯುತ್ತಿತ್ತು. ನಿಮ್ಮ ಕಾಗದದ ತ್ರಿಭುಜವೇ ಕತ್ತಿಯ ರೂಪದಲ್ಲಿ! ಹಾಗೆ ಬಂದವುಗಳಲ್ಲಿ ಒಳ್ಳೆಯದನ್ನು ಆರಿಸಿ, ಅದರಿಂದ ಉಕ್ಕಿನದನ್ನು ಮಾಡಿ, ಅದರಿಂದ ಇನ್ನೂ ಉತ್ತಮವಾದುದನ್ನು ಮಾಡುತ್ತ ಹೋದ. ಕೊನೆಗೆ 5 ಅಡಿ ಉದ್ದ, 2 ಇಂಚು ದಪ್ಪದ ತಿರುಪೊಂದರಲ್ಲಿ ಇಂಚಿಗೆ 50 ಸುತ್ತು ಕೊರೆದ. ಅದರ ನಟ್ಟು 12 ಇಂಚು ಉದ್ದ, ಅಂದರೆ ತೂತಿನೊಳಗೆ 600 ಸುತ್ತು. ಅಷ್ಟೂ ಸುತ್ತುಗಳು ಒಟ್ಟಿಗೆ ಹೊಂದಿದರೆ ಮಾತ್ರ ಅದು ತಿರುಗೀತು.

1829ರಲ್ಲಿ ಮಾಡ್ಸ್‌ಲೆಯ ಸಹಾಯಕನಾಗಿ ಸೇರಿದ ಜೇಮ್ಸ್ ನ್ಯಾಸ್ಮಿತ್ ತನ್ನ ಆತ್ಮಚರಿತ್ರೆಯಲ್ಲಿ ಹಿಂದಿನ ಅವಸ್ಥೆಯನ್ನು ಬರೆದಿದ್ದಾನೆ. ಬೋಲ್ಟಿನ ದಪ್ಪಕ್ಕೂ ಇಂಚಿಗೆ ಎಷ್ಟು ಸುತ್ತು ಎಂಬುದಕ್ಕೂ ಯಾವ ನಿಯಮವೂ ಇರಲಿಲ್ಲ. ಪ್ರತಿ ಬೋಲ್ಟಿಗೂ ಅದರದೇ ನಟ್ಟು. ಯಂತ್ರ ಬಿಚ್ಚುವಾಗ ಯಾವುದಕ್ಕೆ ಯಾವುದು ಎಂದು ಗುರುತು ಹಾಕಿಡಬೇಕಾಗಿತ್ತು. ಗುರುತು ತಪ್ಪಿದರೆ ಗೊಂದಲ, ಖರ್ಚು. ಯಂತ್ರ ಕೊಂಡವರು ರಿಪೇರಿಗೆ ಅದನ್ನು ಮಾಡಿದವರ ಬಳಿಗೇ ಹೋಗಬೇಕಾಗುತ್ತಿತ್ತು. ಮಾಡ್ಸ್‌ಲೆ ತನ್ನ ಕಾರ್ಖಾನೆಯಲ್ಲಿ ಇಷ್ಟು ದಪ್ಪಕ್ಕೆ ಇಷ್ಟೇ ಸುತ್ತು ಎಂದು ಗೊತ್ತುಮಾಡಿ, ಅದಕ್ಕೆ ತಕ್ಕ ಟ್ಯಾಪುಗಳನ್ನೂ ಬೋಲ್ಟು ಕೊರೆಯುವ ಡೈಗಳನ್ನೂ ಮಾಡಿಸಿದ. ಅವನ ಗೋಡೆಯೊಳಗೆ ಗುರುತು ಹಾಕುವ ಕೆಲಸ ನಿಂತಿತು. ಗೋಡೆಯಾಚೆ ಅದು ಮುಂದುವರಿಯಿತು.

ಅಲ್ಲಿ ಕೆಲಸ ಮಾಡಿದವರಲ್ಲಿ ಜೋಸೆಫ್ ಕ್ಲೆಮೆಂಟ್ ಒಬ್ಬ. ಸರಿಯಾದ ತೋಡುಗಳಿರುವ, ನಿಜವಾಗಿ ಕತ್ತರಿಸುವ ಟ್ಯಾಪುಗಳನ್ನು ಅವನು 1828ರಿಂದ ಮಾಡತೊಡಗಿದ. ಅವನ ಇನ್ನೊಂದು ಸುಧಾರಣೆ ನೋಡಲು ತೀರ ಸಣ್ಣದು. ಟ್ಯಾಪಿನ ಹಿಡಿಯ ಭಾಗವನ್ನು ಥ್ರೆಡ್ಡಿಗಿಂತ ತೆಳುವಾಗಿ ಮಾಡಿದ. ಹೀಗಾಗಿ ಆರಪಾರ ತೂತಿನಲ್ಲಿ ಥ್ರೆಡ್ ಹಾಕಿ ಮುಗಿದ ಮೇಲೆ ಟ್ಯಾಪನ್ನು ಮತ್ತೆ ತಿರುಗಿಸಿ ಹೊರಗೆ ತೆಗೆಯಬೇಕಿಲ್ಲ. ಅದು ಆ ಕಡೆಯಿಂದ ಕೆಳಗೆ ಬೀಳುತ್ತದೆ. ದಿನಕ್ಕೆ ನೂರು ನಟ್ಟು ಮಾಡುವವರನ್ನು ಕೇಳಿ, ಇದರ ಬೆಲೆ ಹೇಳುತ್ತಾರೆ.

ಕಂಪ್ಯೂಟರ್ ಚರಿತ್ರೆ ಓದಿದವರಿಗೆ ಕ್ಲೆಮೆಂಟ್ ಇನ್ನೊಂದು ಕಾರಣಕ್ಕೆ ಗೊತ್ತಿರುತ್ತಾನೆ. ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರವನ್ನು ಕಟ್ಟುತ್ತಿದ್ದವನು ಅವನೇ. ಹಣದ ವಿಚಾರದಲ್ಲಿ ಜಗಳವಾಗಿ 1833ರಲ್ಲಿ ಕೆಲಸ ನಿಂತಿತು. ಯಂತ್ರಕ್ಕಾಗಿಯೇ ಮಾಡಿದ ವಿಶೇಷ ಹತಾರಗಳನ್ನು ಕ್ಲೆಮೆಂಟ್ ತನ್ನಲ್ಲೇ ಉಳಿಸಿಕೊಂಡ. ಹಣ ಕೊಟ್ಟವರು ಯಾರೇ ಇರಲಿ, ಹತಾರ ಕೆಲಸಗಾರನದು ಎಂಬುದು ಆ ಕಾಲದ ವೃತ್ತಿಯ ಪದ್ಧತಿ. ಬ್ಯಾಬೇಜನಿಗೆ ಸಿಟ್ಟು ಬಂದದ್ದು ಸಹಜ. ಆದರೆ ಕೂಲಿಯವನ ಬಳಿ ಹತಾರವನ್ನು ಬಿಟ್ಟು ಬೇರೆ ಯಾವ ಆಸ್ತಿ ಇತ್ತು? ನನಗಂತೂ ಇಬ್ಬರ ಪಕ್ಷವೂ ಅರ್ಥವಾಗುತ್ತದೆ.

55 ಡಿಗ್ರಿ

ಮಾಡ್ಸ್‌ಲೆ, ಕ್ಲೆಮೆಂಟ್ ಇಬ್ಬರ ಬಳಿಯೂ ಪಳಗಿದ ಮೂರನೆಯವನು ಜೋಸೆಫ್ ವಿಟ್‌ವರ್ತ್. ಅವನು 1833ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಕಾರ್ಖಾನೆ ತೆರೆದ. ಇಂಗ್ಲೆಂಡಿನ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ ಒಂದೊಂದನ್ನೂ ಅಳೆದ. 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಮಂಡಿಸಿದ. 1/4 ಇಂಚಿಗೆ 20 ಸುತ್ತು, 1/2 ಇಂಚಿಗೆ 12, 1 ಇಂಚಿಗೆ 8, ಹೀಗೆ ಒಂದು ಪಟ್ಟಿ. ಥ್ರೆಡ್ಡಿನ ಎರಡು ಇಳಿಜಾರುಗಳ ನಡುವಿನ ಕೋನ 55 ಡಿಗ್ರಿ. ತುದಿಯೂ ಬುಡವೂ ಉರುಟು.

55 ಏಕೆ? ಅದರ ಹಿಂದೆ ಗಹನವಾದ ಗಣಿತವಿದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಇಲ್ಲ. ತಾನು ಅಳೆದ ಬೋಲ್ಟುಗಳ ಸರಾಸರಿಯನ್ನು ಅವನು ತೆಗೆದುಕೊಂಡ, ಅಷ್ಟೇ. ಜಾಣತನ ಇರುವುದು ಅಲ್ಲಿಯೇ. ಎಲ್ಲರಿಂದಲೂ ಅತಿ ಕಡಿಮೆ ದೂರದಲ್ಲಿರುವ ಬಿಂದು ಸರಾಸರಿ. ಯಾರೂ ಪೂರ್ತಿ ಗೆಲ್ಲಲಿಲ್ಲ, ಯಾರಿಗೂ ಪೂರ್ತಿ ಸೋಲಾಗಲಿಲ್ಲ. ಕಾನೂನಿನ ಬಲ ಇದಕ್ಕಿರಲಿಲ್ಲ. ಆದರೆ ವಿಟ್‌ವರ್ತನ ಕಾರ್ಖಾನೆ ಒಳ್ಳೆಯ ಟ್ಯಾಪು, ಡೈಗಳನ್ನು ಮಾರುತ್ತಿತ್ತು. ಕೊಂಡವರೆಲ್ಲ ತಮಗೆ ಗೊತ್ತಿಲ್ಲದೆಯೇ ಒಪ್ಪಂದಕ್ಕೆ ಸಹಿ ಹಾಕಿದಂತಾಯಿತು. ರೈಲ್ವೆ ಕಂಪನಿಗಳು ಒಪ್ಪಿಕೊಂಡವು. 1860ರ ಹೊತ್ತಿಗೆ ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಇದೇ ಥ್ರೆಡ್. ಬ್ರಿಟನ್ನಿನಿಂದ ಭಾರತಕ್ಕೆ ಬಂದ ರೈಲು, ಗಿರಣಿ, ಪಂಪುಗಳ ಜೊತೆ ಅದೂ ಬಂತು. ನಮ್ಮ ಮೆಕ್ಯಾನಿಕ್ಕರ ಡಬ್ಬಿಯ ಬೋಲ್ಟಿನ ವಂಶ ಇದು.

ನಿಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲೂ ವಿಟ್‌ವರ್ತನ ಕೋನ ಇರಬಹುದು. ಮಸೂರದ ಕೊಳವೆಯನ್ನು ತಿರುಗಿಸಿ ಕೂರಿಸುವ ತೂತಿಗೆ ಲಂಡನ್ನಿನ ಸೂಕ್ಷ್ಮದರ್ಶಕ ಸಂಘ 1858ರಲ್ಲಿ ಒಂದು ಅಳತೆ ಗೊತ್ತುಮಾಡಿತು: ಸುಮಾರು 0.8 ಇಂಚು, ಇಂಚಿಗೆ 36 ಸುತ್ತು, 55 ಡಿಗ್ರಿ. ಒಂದು ಕಂಪನಿಯ ಮಸೂರವನ್ನು ಇನ್ನೊಂದು ಕಂಪನಿಯ ಸೂಕ್ಷ್ಮದರ್ಶಕಕ್ಕೆ ಹಾಕಲು ಸಾಧ್ಯವಾದದ್ದು ಇದರಿಂದ.

ಹತ್ತಿದ ಬೆಂಕಿ, ಹತ್ತದ ಕೊಳವೆ

ಅಮೆರಿಕ ಬೇರೆ ದಾರಿ ಹಿಡಿಯಿತು. 1864ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯದ ವಿಲಿಯಂ ಸೆಲ್ಲರ್ಸ್ ಫ್ರ್ಯಾಂಕ್ಲಿನ್ ಸಂಸ್ಥೆಯಲ್ಲಿ ತನ್ನ ಪದ್ಧತಿಯನ್ನು ಮಂಡಿಸಿದ. 55 ಡಿಗ್ರಿಯನ್ನು ಅಳೆಯುವುದು ಕಷ್ಟ, ಉರುಟು ತುದಿಯನ್ನು ಮಾಡುವುದು ಇನ್ನೂ ಕಷ್ಟ ಎಂಬುದು ಅವನ ವಾದ. 60 ಡಿಗ್ರಿ ಎಂದರೆ ಸಮಬಾಹು ತ್ರಿಭುಜ. ತುದಿ ಚಪ್ಪಟೆ ಇರಲಿ. ಸಾಧಾರಣ ಕೆಲಸಗಾರನೂ ಮಾಡಬಲ್ಲ. ವಾದ ಸರಿಯಾಗಿಯೇ ಇತ್ತು. ಆದರೆ ಪರಿಣಾಮವಾಗಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ಥ್ರೆಡ್ಡುಗಳಾದವು. ಹಲವು ಅಳತೆಗಳಲ್ಲಿ ಇಂಚಿನ ಸುತ್ತುಗಳು ಒಂದೇ. 1/2 ಇಂಚಿನದರಲ್ಲಿ ಮಾತ್ರ ಬ್ರಿಟಿಷರದು 12, ಅಮೆರಿಕದವರದು 13. ಒಂದೇ ಒಂದು ಸುತ್ತಿನ ವ್ಯತ್ಯಾಸ. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಅಮೆರಿಕದ ಒಳಗೂ ಎಲ್ಲವೂ ಸರಿಯಾಗಿರಲಿಲ್ಲ. 1904ರ ಫೆಬ್ರವರಿ 7ರಂದು ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್ ಮತ್ತು ಇತರ ಊರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ನೀರಿತ್ತು, ಜನರಿದ್ದರು, ಪಂಪುಗಳಿದ್ದವು. ಬೀದಿಯ ನೀರಿನ ಕಂಬಕ್ಕೆ ಹೊರ ಊರಿನ ಕೊಳವೆಯ ಥ್ರೆಡ್ ಹೊಂದಲಿಲ್ಲ. ಸುಮಾರು 30 ಗಂಟೆ ಉರಿದ ಬೆಂಕಿ 1500ಕ್ಕೂ ಹೆಚ್ಚು ಕಟ್ಟಡಗಳನ್ನು ತಿಂದಿತು. ಬೆಂಕಿ ಅಷ್ಟು ಹರಡಲು ಗಾಳಿಯೂ ಕಾರಣ, ಥ್ರೆಡ್ಡೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಕೈಯಲ್ಲಿ ಕೊಳವೆ ಹಿಡಿದು, ಕಂಬದ ಮುಂದೆ ನಿಂತು, ಜೋಡಿಸಲಾಗದ ಆ ಜನರನ್ನು ಕಲ್ಪಿಸಿಕೊಳ್ಳಿ. ಆಮೇಲೆ ಲೆಕ್ಕ ಹಾಕಿದಾಗ ದೇಶದಲ್ಲಿ ಇಂಥ ಜೋಡಣೆಗಳ 600ಕ್ಕೂ ಹೆಚ್ಚು ಬಗೆಗಳು ಸಿಕ್ಕವು.

ಎರಡನೆಯ ಮಹಾಯುದ್ಧದಲ್ಲಿ ಎರಡು ದಡಗಳ ಜಗಳ ಯುದ್ಧಭೂಮಿಗೇ ಬಂತು. ಬ್ರಿಟಿಷ್ ವಿಮಾನಗಳ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನನ್ನು ಅಮೆರಿಕದಲ್ಲಿ ತಯಾರಿಸಲು 1940ರಲ್ಲಿ ಪ್ಯಾಕಾರ್ಡ್ ಕಂಪನಿ ಒಪ್ಪಿತು. ಎಂಜಿನ್ನಿನ ತೂತುಗಳೆಲ್ಲ ಬ್ರಿಟಿಷ್ ಥ್ರೆಡ್ಡಿನವು. ಆ ಟ್ಯಾಪುಗಳು ಅಮೆರಿಕದಲ್ಲಿ ಸಿಗುತ್ತಿರಲಿಲ್ಲ, ಪ್ಯಾಕಾರ್ಡ್ ತಾನೇ ಮಾಡಿಕೊಳ್ಳಬೇಕಾಯಿತು. ಯುದ್ಧದ ನಂತರ, 1948ರ ನವೆಂಬರ್ 18ರಂದು, ಅಮೆರಿಕ, ಬ್ರಿಟನ್, ಕೆನಡಾ ವಾಷಿಂಗ್ಟನ್ನಿನಲ್ಲಿ ಕುಳಿತು ಒಂದೇ ಇಂಚಿನ ಥ್ರೆಡ್ಡಿಗೆ ಸಹಿ ಹಾಕಿದವು. ಕೋನ 60 ಡಿಗ್ರಿ. ವಿಟ್‌ವರ್ತನ ತವರೂರೇ 55 ಅನ್ನು ಬಿಟ್ಟುಕೊಟ್ಟಿತು.

ಅಷ್ಟರಲ್ಲಿ ಯೂರೋಪು ಮೀಟರಿನ ಲೆಕ್ಕದಲ್ಲಿ 1898ರಷ್ಟು ಹಿಂದೆಯೇ ಜ್ಯೂರಿಕ್‌ನಲ್ಲಿ ತನ್ನ ಥ್ರೆಡ್ ಗೊತ್ತುಮಾಡಿಕೊಂಡಿತ್ತು. 1947ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಹುಟ್ಟಿದಾಗ ಅದರ ಒಂದನೆಯ ಸಂಖ್ಯೆಯ ತಾಂತ್ರಿಕ ಸಮಿತಿಗೆ ವಹಿಸಿದ ವಿಷಯ ಸ್ಕ್ರೂ ಥ್ರೆಡ್. ಮೊದಲ ಸಂಖ್ಯೆ ಯಾವುದಕ್ಕೆ ಸಿಕ್ಕಿತು ನೋಡಿ!

ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬದಲಾಯಿಸಿತು. ಮೆಟ್ರಿಕ್ ಥ್ರೆಡ್ಡಿಗೆ ನಮ್ಮ ಮಾನಕದ ಸಂಖ್ಯೆ ಐ.ಎಸ್. 4218. ಆದರೆ ಇಂಚಿನ ಲೇತುಗಳನ್ನು ಎಸೆಯಲಾಗುತ್ತದೆಯೇ? ಇಂಚಿನ ತಿರುಪಿರುವ ಲೇತಿನಲ್ಲಿ ಮಿಲ್ಲಿಮೀಟರಿನ ಥ್ರೆಡ್ ಕೊರೆಯಲು 127 ಹಲ್ಲಿನ ಒಂದು ಗಾಲಿ ಬೇಕು. ಇಂಚು ಎಂದರೆ 25.4 ಮಿ.ಮೀ. ಅದನ್ನು 5ರಿಂದ ಗುಣಿಸಿ, 127 ಬರುತ್ತದೆ. ಅದು ಅವಿಭಾಜ್ಯ ಸಂಖ್ಯೆ, ಇನ್ನೂ ಚಿಕ್ಕ ಗಾಲಿಯಲ್ಲಿ ನಿಖರವಾಗಿ ಸಾಧ್ಯವೇ ಇಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯ ಹಳೆಯ ಲೇತು ನಿಮ್ಮ ಐ.ಟಿ.ಐ.ಯಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಇದ್ದರೆ, ಅದರ ಉದ್ದ ತಿರುಪನ್ನೊಮ್ಮೆ ಮುಟ್ಟಿ ನೋಡಿ. ಮಾಡ್ಸ್‌ಲೆಯ ಲೇತಿನ ಮೊಮ್ಮಗ ಅದು.

ಇನ್ನೊಂದು ತಮಾಷೆ ಹೇಳಬೇಕು. ಹಿಸುಕಿ ಥ್ರೆಡ್ ಮಾಡುವುದು ಹಳೆಯ ಕಾಲದ ಟ್ಯಾಪುಗಳ ದೋಷ ಎಂದೆನಲ್ಲ? ಇಂದಿನ ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಂ, ತಾಮ್ರದಂಥ ಮೆತ್ತನೆಯ ಲೋಹಗಳಿಗೆ ಬೇಕೆಂದೇ ಹಿಸುಕುವ ಟ್ಯಾಪು ಬಳಸುತ್ತಾರೆ. ಚೂರೇ ಬರುವುದಿಲ್ಲ, ಕಚ್ಚುವ ಭಯ ಕಡಿಮೆ, ಒತ್ತಿದ ಲೋಹ ಗಟ್ಟಿಯೂ ಆಗುತ್ತದೆ. ಇನ್ನು ಥ್ರೆಡ್ ಹಾಳಾದ ತೂತಿಗೆ? ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಹಾಕಿ, ಅದರೊಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸುತ್ತಾರೆ. ವಿಮಾನದ ಎಂಜಿನ್ನುಗಳಲ್ಲೂ ಇದು ಉಂಟು. ಹಳೆಯ ಕಮ್ಮಾರನಿಗೆ ತೋರಿಸಿದರೆ ಇದರಲ್ಲೇನು ಹೊಸದು ಎಂದಾನು.

ಈಗ ಅರಸೀಕೆರೆಯ ಪ್ರಶ್ನೆಗೆ ಬರೋಣ. ಕ್ಯಾಮೆರಾ ಸ್ಟ್ಯಾಂಡಿನ ಸ್ಕ್ರೂ ಛಾಯಾಗ್ರಹಣದ ಆರಂಭದ ದಿನಗಳಿಂದ ಇಂಚಿನ ಲೆಕ್ಕದ್ದು. ಜಗತ್ತೆಲ್ಲ ಮಿಲ್ಲಿಮೀಟರಿಗೆ ಹೋದರೂ ಅಂತರರಾಷ್ಟ್ರೀಯ ಮಾನಕ ಅದನ್ನು 1/4 ಇಂಚು ಮತ್ತು 3/8 ಇಂಚಿನಲ್ಲೇ ಉಳಿಸಿತು. ಇರುವ ಕ್ಯಾಮೆರಾಗಳನ್ನೆಲ್ಲ ಏನು ಮಾಡುವುದು? ಕ್ಯಾಮೆರಾದ ತೂತು 60 ಡಿಗ್ರಿಯದು, ಎಂಜಿನ್ನಿನ ಬೋಲ್ಟು 55ರದ್ದು. ನಿಜ ಹೇಳಬೇಕೆಂದರೆ ಅವು ಪೂರ್ತಿ ಹೊಂದುವುದಿಲ್ಲ. ಆದರೆ 3/8 ಇಂಚಿನಲ್ಲಿ ವಿಟ್‌ವರ್ತನೂ ಸೆಲ್ಲರ್ಸನೂ ಇಟ್ಟದ್ದು ಇಂಚಿಗೆ 16 ಸುತ್ತು. ಕ್ಯಾಮೆರಾ ಹಿಡಿಯಲು ಅಷ್ಟು ಸಾಕು, ವಿಮಾನಕ್ಕೆ ಸಾಲದು.

ನಿಮ್ಮ ಮನೆಯ ನಲ್ಲಿಯ ಥ್ರೆಡ್ಡಿನಲ್ಲಿ 55 ಡಿಗ್ರಿ ಈಗಲೂ ಜೀವಂತ. ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಸುತ್ತು. ಅನುಮಾನವಿದ್ದರೆ ನಲ್ಲಿಯ ಥ್ರೆಡ್ಡಿಗೆ ಕಾಗದ ಒತ್ತಿ, ಪೆನ್ಸಿಲಿನಿಂದ ಉಜ್ಜಿ, ಸ್ಕೇಲಿಟ್ಟು ಎಣಿಸಿ. ಅದನ್ನು ಪಟ್ಟಿಯಿಂದ ಅಳೆದರೆ ಹೊರವ್ಯಾಸ ಅರ್ಧ ಇಂಚಲ್ಲ, ಸುಮಾರು 21 ಮಿ.ಮೀ. ಇರುತ್ತದೆ. ಗಾಬರಿಯಾಗಬೇಡಿ. ಅರ್ಧ ಇಂಚು ಎಂಬುದು ಹಿಂದೆ ಪೈಪಿನ ಒಳಗಂಡಿಯ ಅಳತೆಯಾಗಿತ್ತು, ಹೆಸರು ಹಾಗೆಯೇ ಉಳಿದಿದೆ.

ಚಿತ್ರೀಕರಣ ಮುಗಿಸಿ ಹೊರಡುವಾಗ ಬೋಲ್ಟನ್ನು ಹಿಂದಿರುಗಿಸಲು ಅಂಗಡಿಗೆ ಹೋದೆ. ಮೆಕ್ಯಾನಿಕ್ ತೆಗೆದುಕೊಳ್ಳಲಿಲ್ಲ. ದುಡ್ಡೂ ಬೇಡವೆಂದರು.

"ಇಟ್ಕೊಳ್ಳಿ ಸಾರ್. ಮತ್ತೆ ಮರೆತು ಬರ್ತೀರಿ."